ಮಾರ್ಬಲ್‌ಗೆ ನಿಂಬೆಹಣ್ಣು, ಮರಕ್ಕೆ ಕೊಬ್ಬರಿ ಎಣ್ಣೆ: ಎರಡೂ ಯಾಕೆ ಬೇಡ

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಮನೆ. ನಮ್ಮ ಮಾವನವರ ಕಾಲದ ಬೀಟೆ ಮರದ ದುಂಡು ಮೇಜೊಂದಿದೆ, ಮೇಲೆ ಬಿಳಿ ಮಾರ್ಬಲ್ ಕಲ್ಲು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶ ಇಡುವುದು ಅದರ ಮೇಲೇ. ಈ ಸಲ ಹೊಳೆಯಲಿ ಅಂತ ವಿಡಿಯೋ ನೋಡಿ ನಿಂಬೆಹಣ್ಣು, ಅಡುಗೆ ಸೋಡಾ ಹಾಕಿ ಉಜ್ಜಿದೆ. ಚೆನ್ನಾಗಿ ನೊರೆ ಬಂತು. ಒಣಗಿದ ಮೇಲೆ ನೋಡಿದರೆ ಅಲ್ಲಲ್ಲಿ ಮಂಕು, ಕೈಯಾಡಿಸಿದರೆ ಒರಟು. ಮೊದಲೇ ಇದ್ದ ದೀಪದ ಎಣ್ಣೆ ಕಲೆ, ಅರಿಶಿನದ ಕಲೆ ಹಾಗೇ ಇವೆ. ಸಾಗುವಾನಿ ಊಟದ ಮೇಜಿನ ಮೇಲೆ ಬಿಸಿ ಪಾತ್ರೆಯ ಬಿಳಿ ಉಂಗುರ ಬಿದ್ದಿದೆ. ನಮ್ಮ ಅತ್ತೆ ಅದಕ್ಕೆ ತಿಂಗಳಿಗೊಮ್ಮೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ, ಈಗ ಮುಟ್ಟಿದರೆ ಅಂಟಂಟು. ಅಡುಗೆಕಟ್ಟೆಯ ಕಪ್ಪು ಗ್ರಾನೈಟ್ ಸಿಂಕಿನ ಸುತ್ತ ಬೂದು ಬಣ್ಣಕ್ಕೆ ತಿರುಗಿದೆ. ಪಾಲಿಶ್‌ನವರು ಬಂದು, ಎಲ್ಲಕ್ಕೂ ಒಂದು ಕೋಟಿಂಗ್ ಹೊಡೆದುಬಿಡೋಣ, ಆಮೇಲೆ ಏನೂ ಆಗಲ್ಲ ಅನ್ನುತ್ತಾರೆ. ಮಾಡಿಸಬಹುದಾ?

ಉತ್ತರ: ಬೇಡ. ಆ ಕೋಟಿಂಗ್‌ನವರಿಗೆ ಸದ್ಯಕ್ಕೆ ಬೇಡ ಅಂತ ಹೇಳಿಬಿಡಿ, ಕಾರಣ ಮುಂದೆ ಹೇಳುತ್ತೇನೆ. ಗಾಬರಿಯೂ ಬೇಡ. ನೀವು ಬರೆದಿರುವುದರಲ್ಲಿ ಪೂರ್ತಿ ಹೋಗದೆ ಉಳಿಯಬಹುದಾದದ್ದು ದೀಪದ ಎಣ್ಣೆ ಕಲೆ, ಮತ್ತು ಬಣ್ಣ ಹಚ್ಚಿ ಮಾರಿದ ಕಲ್ಲಾಗಿದ್ದರೆ ಗ್ರಾನೈಟ್‌ನ ಬೂದು. ಮಿಕ್ಕಿದ್ದೆಲ್ಲ ಸರಿಹೋಗುವಂಥದ್ದೇ.

ನಾನು ಕಲ್ಲು, ಮರ ಎರಡರ ಪಾಲಿಶ್ ಕೆಲಸವನ್ನೂ ಮಾಡುವವನು. ನನ್ನ ಹತ್ತಿರ ರಿಪೇರಿಗೆ ಬರುವ ಮೇಜುಗಳಲ್ಲಿ ಬಳಸಿ ಹಾಳಾದವು ಕಡಿಮೆ, ಕ್ಲೀನ್ ಮಾಡಲು ಹೋಗಿ ಹಾಳಾದವೇ ಜಾಸ್ತಿ. ಎದುರಿಗಿರುವುದು ಯಾವ ಕಲ್ಲು, ಮರದ ಮೇಲಿರುವುದು ಯಾವ ಪಾಲಿಶ್ ಅಂತ ನೋಡುವ ಮೊದಲೇ ಕೈಗೆ ಸಿಕ್ಕಿದ್ದನ್ನು ಹಚ್ಚಿಬಿಡುತ್ತಾರೆ. ನಿಮ್ಮ ಮನೆಯಲ್ಲಿ ಇರುವುದು ಎರಡು ಬೇರೆ ಕಲ್ಲು, ಎರಡು ಬೇರೆ ಮರ, ಮರದ ಮೇಲೆ ಬಹುಶಃ ಎರಡು ಬೇರೆ ಪಾಲಿಶ್. ಒಂದಕ್ಕೆ ಆಗುವ ಮದ್ದು ಇನ್ನೊಂದಕ್ಕೆ ವಿಷ.

ಮಾರ್ಬಲ್‌ನಿಂದ ಶುರು ಮಾಡೋಣ. ಮಾರ್ಬಲ್ ಅಂದರೆ ಹೆಚ್ಚುಕಡಿಮೆ ಪೂರ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಮಕ್ರಾನಾದ್ದಾದರೂ ಅಷ್ಟೇ, ಇಟಲಿಯದ್ದಾದರೂ ಅಷ್ಟೇ. ಹುಳಿ ಇರುವ ಯಾವುದು ತಗುಲಿದರೂ ಅದು ಕರಗುತ್ತದೆ. ನಿಂಬೆ, ಹುಣಸೆ, ವಿನೆಗರ್, ಮೊಸರು, ಟೊಮೆಟೊ, ಟಾಯ್ಲೆಟ್ ತೊಳೆಯುವ ಆಸಿಡ್ ಎಲ್ಲವೂ ಇದೇ ಪಟ್ಟಿಯಲ್ಲಿ ಬರುತ್ತವೆ. ನೀವು ಕಂಡ ನೊರೆ ಕೊಳೆ ಬಿಡುತ್ತಿದ್ದ ನೊರೆ ಅಲ್ಲ. ನಿಂಬೆಯ ಹುಳಿ ಸೋಡಾ ಜೊತೆ ಸೇರಿ ಒಂದಿಷ್ಟು ಗುಳ್ಳೆ ಎಬ್ಬಿಸಿತು. ಸೋಡಾ ಬೀಳದೆ ಬರೀ ನಿಂಬೆರಸ ಬಿದ್ದ ಕಡೆ ಗುಳ್ಳೆ ಎದ್ದದ್ದು ಕಲ್ಲಿನಿಂದಲೇ. ಅಲ್ಲಿ ಕಲ್ಲಿನ ಮೇಲ್ಪದರ ಕರಗಿ ಹೋಗಿದೆ. ಆ ಜಾಗಗಳೇ ಈಗ ಮಂಕಾಗಿ ಕಾಣುತ್ತಿರುವುದು.

ಮನೆಯಲ್ಲಿ ತಿನ್ನುವ ವಸ್ತು, ಕೆಮಿಕಲ್ ಅಲ್ಲ, ಹಾಗಾಗಿ ಏನೂ ಆಗಲ್ಲ ಅನ್ನುವ ನಂಬಿಕೆ ತುಂಬಾ ಜನಕ್ಕಿದೆ. ಕಲ್ಲಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಹುಳಿ ಎಲ್ಲಿಂದ ಬಂದರೂ ಹುಳಿಯೇ.

ಇನ್ನೊಂದು ಗೊಂದಲ ಇದೆ, ಅದನ್ನು ಬಿಡಿಸಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ. ಕಲೆ ಬೇರೆ, ಹುಳಿ ತಿಂದ ಗುರುತು ಬೇರೆ. ಕಿಟಕಿ ಕಡೆ ಮುಖ ಮಾಡಿ, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ಓರೆಯಾಗಿ ನೋಡಿ. ಕಲ್ಲಿನ ಬಣ್ಣವೇ ಇದ್ದು ಹೊಳಪು ಮಾತ್ರ ಹೋಗಿದ್ದರೆ, ಅಥವಾ ಸ್ವಲ್ಪ ಬೆಳ್ಳಗೆ ಕಂಡರೆ, ಅದು ಹುಳಿ ತಿಂದ ಗುರುತು. ಸುತ್ತಲಿನ ಕಲ್ಲಿಗಿಂತ ಬಣ್ಣ ಗಾಢವಾಗಿದ್ದರೆ ಅದು ಒಳಗಿಳಿದ ಕಲೆ. ಮೊದಲನೆಯದನ್ನು ಎಷ್ಟು ತೊಳೆದರೂ ಹೋಗಲ್ಲ, ಯಾಕೆಂದರೆ ತೊಳೆಯಲು ಅಲ್ಲಿ ಏನೂ ಇಲ್ಲ, ಕಲ್ಲೇ ಸವೆದಿದೆ. ಅದನ್ನು ತಿರುಗಿ ಉಜ್ಜಿ ನಯ ಮಾಡಬೇಕು. ಎರಡನೆಯದನ್ನು ಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ, ಒಳಗಿನಿಂದ ಎಳೆದು ತೆಗೆಯಬೇಕು. ನಿಮ್ಮ ಮೇಜಿನಲ್ಲಿ ಎರಡೂ ಇವೆ. ಮೊದಲು ಕಲೆ ತೆಗೆಯಿರಿ, ಹೊಳಪಿನ ಕೆಲಸ ಕೊನೆಗೆ ಇರಲಿ. ಕಲೆ ತೆಗೆಯುವಾಗ ಹೊಳಪು ಇನ್ನೂ ಸ್ವಲ್ಪ ಕುಂದಬಹುದು, ಅದಕ್ಕೆ ಈ ಕ್ರಮ.

ಕೆಲಸ ಶುರು ಮಾಡುವ ಮೊದಲು ಕಲ್ಲನ್ನು ಮೇಜಿನಿಂದ ಇಳಿಸಿ. ಈ ಥರದ ಹಳೇ ಮೇಜುಗಳಲ್ಲಿ ಕಲ್ಲು ಸಾಮಾನ್ಯವಾಗಿ ಚೌಕಟ್ಟಿನ ಮೇಲೆ ಸುಮ್ನೆ ಕೂತಿರುತ್ತದೆ, ಅಂಟಿಸಿರುವುದಿಲ್ಲ. ಇಬ್ಬರು ಹಿಡಿದು ಮೆಲ್ಲಗೆ ಎತ್ತಿ ನೋಡಿ, ಅಲುಗದಿದ್ದರೆ ಬಲ ಹಾಕಬೇಡಿ. ಎತ್ತಿದ ಮೇಲೆ ಅಡ್ಡ ಮಲಗಿಸಿ ಹೊರಬೇಡಿ. ಗಾಜಿನ ಹಾಳೆ ಸಾಗಿಸುವ ಹಾಗೆ ಅಂಚಿನ ಮೇಲೆ ನಿಲ್ಲಿಸಿಕೊಂಡೇ ಒಯ್ಯಬೇಕು. ಮಲಗಿಸಿ ಎತ್ತಿದರೆ ತನ್ನ ಭಾರಕ್ಕೆ ತಾನೇ ನಡುವೆ ಸೀಳುತ್ತದೆ, ಅದರಲ್ಲೂ ಬೂದು ಗೆರೆ ಹಾದುಹೋದ ಕಡೆ. ಕಲ್ಲು ಇಳಿಸಿ ಅನ್ನುವುದಕ್ಕೆ ಇನ್ನೊಂದು ಕಾರಣ ಕೆಳಗಿರುವ ಬೀಟೆ. ಕಲ್ಲಿಗೆ ಹಾಕುವ ನೀರು, ಪುಡಿ, ಅಸಿಟೋನ್ (ಎಣ್ಣೆ ಕರಗಿಸುವ ದ್ರಾವಕ) ಅಂಚಿನಿಂದ ಜಾರಿ ಮರದ ಮೇಲೆ ಬಿದ್ದರೆ ಹಳೇ ಪಾಲಿಶ್ ಅಲ್ಲೇ ಹಾಳಾಗಬಹುದು.

ಎಣ್ಣೆ ಕಲೆಗೆ ಲೇಪದ ದಾರಿ ಇದೆ. ವಾಸನೆ, ಬಣ್ಣ ಇಲ್ಲದ ಟಾಲ್ಕ್ ಪುಡಿ ತಗೊಳ್ಳಿ. ಮುಲ್ತಾನಿ ಮಿಟ್ಟಿ ಬೇಡ, ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ, ಬಿಳಿ ಕಲ್ಲಿನಲ್ಲಿ ಹಳದಿ ಉಳಿಯಬಹುದು. ಪುಡಿಗೆ ಶುದ್ಧ ಅಸಿಟೋನ್ ಹಾಕಿ ಚಮಚದಲ್ಲಿ ಎತ್ತಿದರೆ ಜಾರದಷ್ಟು ಗಟ್ಟಿ ಕಲಸಿ. ನೇಲ್ ಪಾಲಿಶ್ ರಿಮೂವರ್ ಆಗಲ್ಲ, ಅದರಲ್ಲಿ ಬಣ್ಣ, ಸುಗಂಧ ಸೇರಿರುತ್ತದೆ. ಕಲೆಗಿಂತ ಒಂದು ಬೆರಳು ಅಗಲ ಜಾಸ್ತಿ, ಅರ್ಧ ಸೆಂಟಿಮೀಟರ್ ದಪ್ಪ ಮೆತ್ತಿ. ಅಸಿಟೋನ್ ಬೇಗ ಹಾರಿಹೋಗುತ್ತದೆ, ಹಾಗಾಗಿ ಕೂಡಲೇ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ. 24 ಗಂಟೆ ಬಿಡಿ. ಆಮೇಲೆ ಹಾಳೆ ತೆಗೆದು ಲೇಪ ತಾನಾಗಿ ಪೂರ್ತಿ ಒಣಗಲು ಬಿಡಿ. ಒಣಗುವುದು ಬಹಳ ಮುಖ್ಯ, ಏಕೆಂದರೆ ಕಲ್ಲಿನೊಳಗೆ ಕರಗಿದ ಎಣ್ಣೆ ಲೇಪಕ್ಕೆ ಏರಿ ಬರುವುದು ಅದು ಒಣಗುವಾಗಲೇ. ಜನ ಒದ್ದೆ ಇರುವಾಗಲೇ ಒರೆಸಿ, ಏನೂ ಆಗಲಿಲ್ಲ ಅನ್ನುತ್ತಾರೆ. ಒಣಗಿದ್ದನ್ನು ಪ್ಲಾಸ್ಟಿಕ್ ಚಮಚದಿಂದ ಕೆರೆದು ತೆಗೆದು ಒರೆಸಿ ನೋಡಿ. ಒಂದೇ ಸಲಕ್ಕೆ ಹೋಗುವುದು ಅಪರೂಪ. ಎರಡು ಮೂರು ಸಲ ಮಾಡಬೇಕಾಗುತ್ತದೆ.

ಅಸಿಟೋನ್‌ಗೆ ಬೆಂಕಿ ತಗುಲಿದರೆ ಭಗ್ ಅನ್ನುತ್ತದೆ. ಈ ಕೆಲಸ ದೇವರ ಮನೆಯಲ್ಲಿ, ಅಡುಗೆಮನೆಯಲ್ಲಿ ಬೇಡ. ಕಿಟಕಿ ತೆರೆದ ಕೋಣೆ ಅಥವಾ ವರಾಂಡ ಆಗಬಹುದು, ಹತ್ತಿರ ದೀಪ, ಊದುಬತ್ತಿ, ಸ್ಟವ್ ಏನೂ ಇರಬಾರದು.

ಎಷ್ಟು ಹೋಗುತ್ತದೆ ಅನ್ನುವುದು ಎಣ್ಣೆಯ ವಯಸ್ಸಿನ ಮೇಲೆ ನಿಂತಿದೆ. ದೀಪಕ್ಕೆ ಹಾಕುವ ಎಳ್ಳೆಣ್ಣೆ ಗಾಳಿಗೆ ನಿಧಾನವಾಗಿ ಗಟ್ಟಿಯಾಗುವ ಜಾತಿಯದ್ದು. ಹೋದ ವರ್ಷ ಇಳಿದದ್ದಾದರೆ ಬಹುತೇಕ ಹೋಗುತ್ತದೆ. ಮಾವನವರ ಕಾಲದ್ದಾದರೆ ತಿಳಿಯಾಗುತ್ತದೆ, ಪೂರ್ತಿ ಮಾಯವಾಗಲ್ಲ. ಹಟ ಹಿಡಿದು ಇನ್ನಷ್ಟು ಜೋರಿನ ಕೆಮಿಕಲ್ ಹುಡುಕಬೇಡಿ, ಹಾಗೇ ಬಿಟ್ಟರೂ ಚೆಂದವೇ.

ಅರಿಶಿನಕ್ಕೆ ಈ ಲೇಪವೂ ಬೇಕಿಲ್ಲ, ಬಿಸಿಲು ಸಾಕು. ಅರಿಶಿನದ ಹಳದಿ ಬೆಳಕಿಗೆ ತಡೆಯಲ್ಲ. ಕಲ್ಲು ಹೇಗೂ ಇಳಿಸಿದ್ದೀರಿ, ಮಾಳಿಗೆ ಮೇಲೆ ಗೋಡೆಗೆ ಒರಗಿಸಿ ಕೆಲವು ದಿನ ಬಿಸಿಲಿಗೆ ಇಡಿ, ತಾನಾಗಿ ಮಾಸುತ್ತದೆ. ಅದರ ಮೇಲೆ ಸೋಪಿನ ಪುಡಿ, ವಾಷಿಂಗ್ ಸೋಡಾ ಮಾತ್ರ ಹಾಕಬೇಡಿ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಓಕುಳಿ ಕೆಂಪಾಗುತ್ತದಲ್ವಾ, ಅದೇ ಇಲ್ಲೂ ಆಗುತ್ತದೆ, ಹಳದಿ ಕಲೆ ಕೆಂಪು ಕಲೆ ಆಗಿ ನಿಲ್ಲುತ್ತದೆ. ಬಿಸಿಲಿಗೂ ಬಗ್ಗದಿದ್ದರೆ ಮೆಡಿಕಲ್ ಶಾಪಿನ 6 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಅದೇ ಟಾಲ್ಕ್ ಕಲಸಿ ಮೆತ್ತಬಹುದು. ಒಂದು ಎಚ್ಚರಿಕೆ ದಯವಿಟ್ಟು ಗಮನಿಸಿ: ಅಸಿಟೋನ್, ಪೆರಾಕ್ಸೈಡ್ ಎರಡನ್ನೂ ಯಾವತ್ತೂ ಒಟ್ಟಿಗೆ ಸೇರಿಸಬಾರದು, ಸ್ಫೋಟಿಸುವ ವಸ್ತು ಉಂಟಾಗಬಹುದು. ಒಂದರ ಕೆಲಸ ಮುಗಿದು, ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು. ಬ್ಲೀಚ್ ಮತ್ತು ಆಸಿಡ್ ವಿಷಯದಲ್ಲೂ ಹೀಗೇ, ಎರಡು ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಬಾತ್‌ರೂಮ್‌ನಂಥ ಸಣ್ಣ ಜಾಗದಲ್ಲಿ ಅದು ಜೀವಕ್ಕೇ ಅಪಾಯ.

ಈಗ ಹೊಳಪು. ಬರೀ ಕಣ್ಣಿಗೆ ಮಂಕು, ಬೆರಳಿಗೆ ನಯ ಅನ್ನಿಸಿದರೆ ಮಾರ್ಬಲ್ ಪಾಲಿಶಿಂಗ್ ಪುಡಿ, ಒಂದಿಷ್ಟು ನೀರು, ಫೆಲ್ಟ್ ತುಂಡು ಹಿಡಿದು ಮನೆಯಲ್ಲೇ ತಿಕ್ಕಿ ತರಬಹುದು, ತೋಳು ನೋಯುತ್ತದೆ ಅಷ್ಟೇ. ನೀವು ಒರಟು ಅಂತ ಬರೆದಿದ್ದೀರಿ. ಹಾಗಾದರೆ ಅದು ಪುಡಿಗೆ ಬರಲ್ಲ. ಮೊದಲು ಡೈಮಂಡ್ ಪ್ಯಾಡ್‌ನಲ್ಲಿ (ವಜ್ರದ ಪುಡಿ ಕೂರಿಸಿದ ಉಜ್ಜುವ ಪ್ಯಾಡ್, ನಂಬರ್ ಏರಿದಷ್ಟೂ ನಯ) 400, 800, 1500, 3000 ಹೀಗೆ ನಂಬರ್ ಏರಿಸುತ್ತಾ ನೀರು ಬಿಟ್ಟು ಉಜ್ಜಬೇಕು, ಆಮೇಲೆ ಪುಡಿ. ಅದೂ ಮಂಕಾದ ಜಾಗ ಮಾತ್ರ ಅಲ್ಲ, ಪೂರ್ತಿ ಕಲ್ಲು. ಇಲ್ಲದಿದ್ದರೆ ಅಲ್ಲಿ ತಗ್ಗು ಬಿದ್ದು ಬೆಳಕು ಸೊಟ್ಟಗೆ ಕಾಣುತ್ತದೆ. ಇದನ್ನು ಕೆಲಸ ಬಲ್ಲವರಿಗೇ ಕೊಡಿ. ಅವರು ಕೊನೆಗೆ ಆಕ್ಸಾಲಿಕ್ ಆಸಿಡ್ ಪುಡಿ ಹಾಕುತ್ತಾರೆ. ಹುಳಿ ಬೇಡ ಅಂದವರು ಆಸಿಡ್ ಹಾಕುತ್ತಾರಲ್ಲ ಅಂತ ನಿಮಗೆ ಅನ್ನಿಸಬಹುದು. ಅದು ಕಲ್ಲಿನ ಜೊತೆ ಸೇರಿದಾಗ ನಿಂಬೆಯ ಹಾಗೆ ಕರಗಿ ಹರಿದು ಹೋಗುವುದಿಲ್ಲ, ನೀರಲ್ಲಿ ಕರಗದ ತೆಳುವಾದ ಪದರ ಆಗುತ್ತದೆ, ಅದನ್ನು ತಿಕ್ಕಿ ಹೊಳಪು ತರುತ್ತಾರೆ. ಕೈ ಪಳಗಿದವರ ಕೈಯಲ್ಲಿ ಸರಿ. ಮನೆಯಲ್ಲಿ ಡಬ್ಬಿ ತಂದು ನೆನೆಹಾಕಿ ಬಿಟ್ಟರೆ ಅದೂ ಕಲ್ಲು ತಿನ್ನುತ್ತದೆ, ಹೊಟ್ಟೆಗೆ ಹೋದರೆ ವಿಷ ಕೂಡ.

ಇನ್ನು ಕೋಟಿಂಗ್ ವಿಷಯ. ಕಲ್ಲಿಗೆ ಹಚ್ಚುವುದರಲ್ಲಿ ಎರಡು ಜಾತಿ. ಒಂದು ಕಲ್ಲಿನ ಸಣ್ಣ ರಂಧ್ರದೊಳಗೆ ಇಳಿದು ಎಣ್ಣೆ, ನೀರು ಬೇಗ ಇಳಿಯದಂತೆ ತಡೆಯುವ ಸೀಲರ್. ಮೇಲೆ ಏನೂ ಕಾಣಲ್ಲ. ಇನ್ನೊಂದು ಮೇಲೆ ಪ್ಲಾಸ್ಟಿಕ್‌ನಂಥ ಪದರವಾಗಿ ಕೂರುವ ಎಪಾಕ್ಸಿ ಅಥವಾ ಪಿಯು (ಪಾಲಿಯುರೆಥೇನ್). ಬಂದವರು ಹೊಡೆಯುತ್ತೇನೆ ಅಂದದ್ದು ಈ ಎರಡನೆಯದು ಅಂತ ನನ್ನ ಅಂದಾಜು, ಮರಕ್ಕೂ ಕಲ್ಲಿಗೂ ಒಂದೇ ಅಂದರೆ ಅದೇ ಆಗಿರಬೇಕು. ಮೊದಲ ದಿನ ಕನ್ನಡಿ ಥರ ಕಾಣುತ್ತದೆ. ಆಮೇಲೆ ಪಾತ್ರೆ ಎಳೆದಾಗ ಗೀರು ಬೀಳುತ್ತದೆ, ಬಿಳಿ ಕಲ್ಲಿನ ಮೇಲೆ ಹಳದಿಗೆ ತಿರುಗುತ್ತದೆ, ಅಂಚಿನಲ್ಲಿ ಏಳುತ್ತದೆ. ತೆಗೆಯಬೇಕೆಂದರೆ ಕಲ್ಲನ್ನೇ ಉಜ್ಜಬೇಕು. ನಿಮ್ಮ ಮೇಜಿಗೆ ನಾನಂತೂ ಅದನ್ನು ಒಪ್ಪಲ್ಲ.

ಮೊದಲನೆಯದನ್ನು ಹಚ್ಚಿಸಿ, ಪಾಲಿಶ್ ಆಗಿ ಕಲ್ಲು ಚೆನ್ನಾಗಿ ಒಣಗಿದ ಮೇಲೆ. ಬೇಕೋ ಬೇಡವೋ ನೋಡುವುದು ಸುಲಭ. ಒಂದು ಹನಿ ನೀರು ಇಟ್ಟು ಕಾಲು ಗಂಟೆ ಬಿಟ್ಟು ಒರೆಸಿ. ಕೆಳಗೆ ಕಲ್ಲು ಗಾಢವಾಗಿದ್ದರೆ ನೀರು ಇಳಿಯುತ್ತಿದೆ, ಸೀಲರ್ ಬೇಕು. ಇದು ಶಾಶ್ವತ ಅಲ್ಲ, ಆಗಾಗ ಇದೇ ಥರ ನೋಡಿ ಮತ್ತೆ ಹಚ್ಚಬೇಕು. ಒಂದು ಮಾತ್ರ ಸ್ಪಷ್ಟ ಇರಲಿ: ಯಾವ ಸೀಲರೂ ಹುಳಿಯನ್ನು ತಡೆಯಲ್ಲ. ಸೀಲರ್ ಇದೆ ಅಂತ ಧೈರ್ಯವಾಗಿ ನಿಂಬೆಹಣ್ಣಿನ ದೀಪ ಹಚ್ಚಿದರೆ ಮತ್ತೆ ಅದೇ ಗುರುತು. ದೀಪದ ಕೆಳಗೆ, ತಾಂಬೂಲದ ತಟ್ಟೆ ಕೆಳಗೆ ಒಂದು ಹಿತ್ತಾಳೆ ತಟ್ಟೆ ಇಟ್ಟರೆ ಎಲ್ಲ ಸೀಲರ್‌ಗಿಂತ ಮೇಲು. ಕಬ್ಬಿಣದ ಸಾಮಾನು ಒದ್ದೆಯಾಗಿ ಇಡಬೇಡಿ, ಮಾರ್ಬಲ್‌ನಿಂದ ತುಕ್ಕು ತೆಗೆಯುವುದು ಎಣ್ಣೆಗಿಂತ ಕಷ್ಟ.

ಕಡಪ ಕಲ್ಲು, ಶಹಾಬಾದ್ ಕಲ್ಲು ಇರುವ ಓದುಗರೂ ಇದನ್ನು ನೋಡುತ್ತಿರಬಹುದು. ಅವೂ ಸುಣ್ಣದ ಕಲ್ಲೇ, ಮಾರ್ಬಲ್‌ನ ನಿಯಮವೇ ಅವಕ್ಕೂ. ಕಪ್ಪಗಿದೆ ಅಂತ ಕಡಪವನ್ನು ಗ್ರಾನೈಟ್ ಅಂದುಕೊಂಡು ಆಸಿಡ್ ಹಾಕಿ ಬೆಳ್ಳಗೆ ಮಾಡಿಕೊಂಡವರು ಬಹಳ. ಅನುಮಾನ ಇದ್ದರೆ ಕಾಣದ ಮೂಲೆಯಲ್ಲಿ ಒಂದೇ ಹನಿ ನಿಂಬೆರಸ ಬಿಡಿ. ಗುಳ್ಳೆ ಎದ್ದರೆ, ಅಥವಾ ಒರೆಸಿದ ಮೇಲೆ ಮಂಕು ಚುಕ್ಕೆ ಉಳಿದರೆ, ಸುಣ್ಣದ ಕಲ್ಲು.

ನಿಮ್ಮ ಅಡುಗೆಕಟ್ಟೆಯ ಕಪ್ಪು ಕಲ್ಲು ಬೇರೆಯೇ ಜಾತಿ. ಚಾಮರಾಜನಗರದ ಕಡೆ ಸಿಗುವಂಥ ಈ ಕಪ್ಪು ಕಲ್ಲು ಗ್ರಾನೈಟ್ ಹೆಸರಲ್ಲಿ ಮಾರಾಟವಾದರೂ ಅದು ಡಾಲರೈಟ್ ಅನ್ನುವ ಬೇರೆ ಕಲ್ಲು, ತುಂಬಾ ಗಟ್ಟಿ, ತುಂಬಾ ದಟ್ಟ. ಸೀಲರ್ ಕುಡಿಯುವಷ್ಟು ರಂಧ್ರವೇ ಇಲ್ಲ, ಹಚ್ಚಿದರೆ ಮೇಲೇ ಒಣಗಿ ಮಬ್ಬು ಮಾಡುತ್ತದೆ. ಸಿಂಕಿನ ಸುತ್ತ ಬೂದು ಬಂದಿರುವುದಕ್ಕೆ ಎರಡು ಕಾರಣ ಇರಬಹುದು. ಬೋರ್‌ವೆಲ್ ನೀರಿನ ಸುಣ್ಣ ಸೋಪಿನ ಜೊತೆ ಸೇರಿ ಕಟ್ಟಿಕೊಂಡಿರಬಹುದು. ಇಲ್ಲವೇ ಕಲ್ಲು ಮೊದಲಿಂದಲೂ ಬೂದಿಯೇ ಆಗಿದ್ದು, ಮಾರುವಾಗ ಬಣ್ಣ, ಎಣ್ಣೆ ಹಚ್ಚಿ ಕಪ್ಪು ಮಾಡಿರಬಹುದು. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ, ಬೂದು ಆಗದ ಜಾಗದಲ್ಲಿ ಒರೆಸಿ. ಬಟ್ಟೆಗೆ ಕಪ್ಪು ಬಂದರೆ ಎರಡನೆಯ ಕಾರಣ, ಅದಕ್ಕೆ ಕ್ಲೀನಿಂಗ್‌ನಿಂದ ಪರಿಹಾರ ಇಲ್ಲ. ಏನೂ ಬಾರದಿದ್ದರೆ ಅದು ನೀರಿನ ಸುಣ್ಣ. ಸೋಪಿನ ನೀರು ಹಾಕಿ, ಬ್ಲೇಡನ್ನು ಹೆಚ್ಚುಕಡಿಮೆ ಕಲ್ಲಿಗೆ ಮಲಗಿಸಿ ಹಿಡಿದು ನವಿರಾಗಿ ಕೆರೆಯಿರಿ. ಉಳಿದದ್ದಕ್ಕೆ ವಿನೆಗರ್‌ಗೆ ಸಮ ನೀರು ಸೇರಿಸಿ ಐದು ನಿಮಿಷ ಬಿಟ್ಟು ತೊಳೆಯಿರಿ, ಮೊದಲು ಒಂದು ಮೂಲೆಯಲ್ಲಿ ನೋಡಿಕೊಂಡು. ಮಾರ್ಬಲ್ಲನ್ನು ತಿಂದ ಹುಳಿಯೇ ಇಲ್ಲಿ ಉಪಕಾರಿ, ಯಾಕೆಂದರೆ ಇಲ್ಲಿ ನಮಗೆ ಹೋಗಬೇಕಾದದ್ದೇ ಆ ಕ್ಯಾಲ್ಸಿಯಂ. ಟಾಯ್ಲೆಟ್ ಆಸಿಡ್ ಮಾತ್ರ ಇಲ್ಲೂ ಬೇಡ, ಅದು ಸ್ಟೀಲ್ ಸಿಂಕನ್ನೂ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಆಮೇಲೆ ದಿನಾ ರಾತ್ರಿ ಒಣ ಬಟ್ಟೆಯಲ್ಲಿ ಒರೆಸಿದರೆ ಸುಣ್ಣ ಕಟ್ಟಲ್ಲ.

ಮರಕ್ಕೆ ಬರೋಣ. ಮರಕ್ಕೆ ಎಣ್ಣೆ ಕುಡಿಸಬೇಕು, ಇಲ್ಲದಿದ್ದರೆ ಒಣಗುತ್ತದೆ ಅನ್ನುವ ಮಾತು ಎಲ್ಲ ಮನೆಯಲ್ಲೂ ಇದೆ. ಅತ್ತೆಯವರದು ತಪ್ಪು ಅನ್ನಲಾರೆ, ಪಾಲಿಶ್ ಇಲ್ಲದ ಒನಕೆ, ಮಣೆ, ಹಳೇ ಬಾಗಿಲಿನ ಕಾಲದಲ್ಲಿ ಬಂದ ಅಭ್ಯಾಸ ಅದು. ಪಾಲಿಶ್ ಆದ ಮೇಜಿನಲ್ಲಿ ಎಣ್ಣೆ ಮರಕ್ಕೆ ತಲುಪುವುದೇ ಇಲ್ಲ, ಮೇಲೇ ನಿಲ್ಲುತ್ತದೆ. ಕೊಬ್ಬರಿ ಎಣ್ಣೆ ಎಷ್ಟು ದಿನ ಬಿಟ್ಟರೂ ಗಟ್ಟಿಯಾಗಿ ಒಣಗುವ ಎಣ್ಣೆ ಅಲ್ಲ. ಧೂಳು ಹಿಡಿಯುತ್ತದೆ, ಮುಗ್ಗುತ್ತದೆ. ಹೋಗಲಾಡಿಸುವುದು ಕಷ್ಟವಿಲ್ಲ. ಮೆತ್ತನೆ ಬಟ್ಟೆಗೆ ಸ್ವಲ್ಪ ಟರ್ಪಂಟೈನ್ ಹಾಕಿ ಮರದ ಎಳೆಯ ಗುಂಟ ಒರೆಸಿ, ಬಟ್ಟೆ ಬದಲಿಸುತ್ತಾ ಇರಿ, ಬಟ್ಟೆ ಕಂದಾಗುವುದು ನಿಂತಾಗ ಬಿಡಿ. ಕಿಟಕಿ ತೆರೆದಿರಲಿ.

ಬಿಳಿ ಉಂಗುರ ಕಂಡು ಎಲ್ಲರೂ ಹೆದರುತ್ತಾರೆ. ಅದು ಮರದಲ್ಲಿಲ್ಲ. ಬಿಸಿ ಪಾತ್ರೆಯ ತಳದ ಹಬೆ ಪಾಲಿಶ್ ಪದರದೊಳಗೆ ಸಿಕ್ಕಿಕೊಂಡು ಬೆಳ್ಳಗೆ ಕಾಣುತ್ತಿದೆ, ಅಷ್ಟೇ. ಉಂಗುರ ಕಪ್ಪಗಿದ್ದರೆ ಆಗ ನೀರು ಮರಕ್ಕೇ ಇಳಿದಿದೆ, ಕಬ್ಬಿಣದ ಅಂಶ ಮರದ ಒಗರಿನ ಜೊತೆ ಸೇರಿ ಕಪ್ಪಾಗಿದೆ, ಅದಕ್ಕೆ ಪಾಲಿಶ್ ತೆಗೆದೇ ಕೆಲಸ ಮಾಡಬೇಕು. ನಿಮ್ಮದು ಬಿಳಿ. ಕೂದಲು ಒಣಗಿಸುವ ಡ್ರೈಯರ್ ಕಡಿಮೆ ಬಿಸಿಯಲ್ಲಿ, ಒಂದು ಗೇಣು ದೂರದಿಂದ, ಕೈ ಆಡಿಸುತ್ತಾ ಹಿಡಿಯಿರಿ. ಎಷ್ಟೋ ಸಲ ಇಷ್ಟಕ್ಕೇ ಹೋಗುತ್ತದೆ.

ಹೋಗದಿದ್ದರೆ ಮುಂದಿನ ಹೆಜ್ಜೆ ಯಾವ ಪಾಲಿಶ್ ಅನ್ನುವುದರ ಮೇಲೆ. ಮೇಜಿನ ಅಡಿಯಲ್ಲಿ, ಪಾಲಿಶ್ ಇರುವ ಕಡೆ, ಬಡಗಿಗಳು ಬಳಸುವ ಸ್ಪಿರಿಟ್ ಒಂದು ಹನಿ ಇಟ್ಟು ನಿಮಿಷ ಬಿಟ್ಟು ಮುಟ್ಟಿ. ಅಂಟಿದರೆ ಅದು ಫ್ರೆಂಚ್ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಹಾಗಿದ್ದರೆ ಬಟ್ಟೆಗೆ ತೇವ ತೋರಿಯೂ ತೋರದಷ್ಟು ಸ್ಪಿರಿಟ್ ಹಾಕಿ ಉಂಗುರದ ಮೇಲೆ ನಿಲ್ಲಿಸದೆ ಹಗುರಾಗಿ ಸವರಿ. ಪಾಲಿಶ್ ಸ್ವಲ್ಪ ಸಡಿಲಾಗಿ ತೇವ ಹೊರಟುಹೋಗುತ್ತದೆ. ಸ್ಪಿರಿಟ್ ಜಾಸ್ತಿಯಾದರೆ ಪಾಲಿಶ್ಶೇ ಬರುತ್ತದೆ. ಅಂಟದಿದ್ದರೆ ಮೆಲಮಿನ್ ಅಥವಾ ಪಿಯು ಥರದ ಗಟ್ಟಿ ಕೆಮಿಕಲ್ ಪಾಲಿಶ್ ಇರಬಹುದು, ಅವಕ್ಕೆ ಸ್ಪಿರಿಟ್ ಉಪಯೋಗ ಇಲ್ಲ, ನಯವಾದ ಕಾರ್ ಪಾಲಿಶ್ ಹಾಕಿ ತಿಕ್ಕಿ ನೋಡಬಹುದು. ಟೂತ್‌ಪೇಸ್ಟ್ ಹಚ್ಚುವುದೂ ತಿಕ್ಕುವುದೇ, ಆದರೆ ಎಷ್ಟು ಒರಟು ಅಂತ ಟ್ಯೂಬ್ ಮೇಲೆ ಬರೆದಿರಲ್ಲ, ಹಾಗಾಗಿ ಬೇಡ.

ಬೀಟೆ ಚೌಕಟ್ಟಿನ ಮೇಲೆ, ಆ ವಯಸ್ಸಿನ ಮೇಜಾದ್ದರಿಂದ, ಫ್ರೆಂಚ್ ಪಾಲಿಶ್ಶೇ ಇರಬೇಕು. ಹಾಗಿದ್ದರೆ ಸ್ಯಾನಿಟೈಸರ್ ಕೈಯಲ್ಲಿ ಅದನ್ನು ಮುಟ್ಟಬೇಡಿ, ಅದೂ ಸ್ಪಿರಿಟ್ಟೇ. ಅದನ್ನು ಉಜ್ಜಿ ಹೊಸದು ಮಾಡುತ್ತೇವೆ ಅನ್ನುವವರಿಗೆ ಕೊಡಲೇಬೇಡಿ. ಬೀಟೆಯ ಆ ಕಂದು ನೇರಳೆ ಬಣ್ಣ, ಕೈ ತಗುಲಿ ತಗುಲಿ ಅಂಚು ದುಂಡಗಾಗಿರುವುದು, ಇವೆಲ್ಲ ಮರಳು ಕಾಗದದ ಒಂದು ಸುತ್ತಿಗೆ ಹೋಗುತ್ತವೆ, ಯಾವ ಪಾಲಿಶ್ಶೂ ವಾಪಸು ತರಲ್ಲ. ಪಾತ್ರೆ ಸೋಪು ಎರಡು ಹನಿ ಹಾಕಿದ ನೀರಲ್ಲಿ ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಕೆತ್ತನೆ ಸಂದಿಗೆ ಹಳೇ ಮೆತ್ತನೆ ಬ್ರಷ್. ಆಮೇಲೆ ಜೇನುಮೇಣದ ವ್ಯಾಕ್ಸ್ ತೆಳ್ಳಗೆ ಹಚ್ಚಿ, ಹತ್ತು ಹದಿನೈದು ನಿಮಿಷ ಬಿಟ್ಟು ಬಟ್ಟೆಯಲ್ಲಿ ತಿಕ್ಕಿ. ವರ್ಷಕ್ಕೆ ಒಂದೆರಡು ಸಲ ಸಾಕು. ಊಟದ ಮೇಜಿಗೂ ಇದನ್ನೇ ಹಚ್ಚಬಹುದು. ಅಂಗಡಿಯ ಫಳಫಳ ಸ್ಪ್ರೇಗಳಲ್ಲಿ ಎಷ್ಟೋ ಸಲ ಸಿಲಿಕೋನ್ ಇರುತ್ತದೆ. ಅದು ಸಂದಿಗಳಲ್ಲಿ ಕೂತುಬಿಟ್ಟರೆ ಮುಂದೆ ಯಾವತ್ತಾದರೂ ಪಾಲಿಶ್ ಮಾಡಿಸುವಾಗ ಹೊಸ ಪದರ ಹಿಡಿಯದೆ ಅಲ್ಲಲ್ಲಿ ಕಣ್ಣಿನಂಥ ಸಣ್ಣ ಕುಳಿಗಳಾಗಿ ಬಿಟ್ಟುಕೊಳ್ಳುತ್ತದೆ.

ಅಗಸೆ ಎಣ್ಣೆ ಕೇಳುವವರೂ ಇದ್ದಾರೆ. ಅದು ಗಾಳಿಗೆ ನಿಜವಾಗಿ ಒಣಗುವ ಎಣ್ಣೆ, ಪಾಲಿಶ್ ಇಲ್ಲದ ಬಾಗಿಲು, ಕಂಬಕ್ಕೆ ಒಳ್ಳೆಯದು. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು ಅಷ್ಟೇ. ಒಣಗುವಾಗ ಬಿಸಿ ಹುಟ್ಟಿ, ಬಿಸಿ ಹೊರಗೆ ಹೋಗಲು ಜಾಗ ಸಿಗದೆ, ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಿ.

ಬೀಟೆಯ ಕಾಲಿನಲ್ಲೋ ಅಂಚಿನಲ್ಲೋ ಹಳೇ ಪಾಲಿಶ್ ಎದ್ದಿದ್ದರೆ, ಆ ಜಾಗಕ್ಕೆ ಮಾತ್ರ ಕೈಯಲ್ಲಿ ಅರಗಿನ ಪಾಲಿಶ್ ಹಾಕಿಸಿ. ಅದನ್ನು ಮಳೆ ಹಿಡಿದಿರುವಾಗ ಮಾಡಿಸಬೇಡಿ, ಗಾಳಿಯಲ್ಲಿ ತೇವ ಇದ್ದರೆ ಹೊಸ ಪದರವೂ ಬೆಳ್ಳಗಾಗುತ್ತದೆ. ಮಾರ್ಬಲ್ ಕೆಲಸ ಈಗಲೇ ಶುರು ಮಾಡಿ, ಅರಿಶಿನದ ಕಲೆಗೆ ಬಿಸಿಲು ಬಂದ ದಿನ ಕಲ್ಲು ಹೊರಗಿಡಿ. ಮರದ ಪಾಲಿಶ್ ದಸರಾ ಕಳೆದು ಒಣ ಹವೆ ಬಂದ ಮೇಲೆ ಮಾಡಿಸಿದರೆ ಸಾಕು.